ಕಿಲೆಲೆಶ್ವಾದಲ್ಲಿ ನಮ್ಮ ಫ್ರೆಂಚ್ ಹಬ್ಬಗಳು

ಊರು ನೈರೋಬಿ, ಮನೆ ಕನ್ನಡ, ಮಗಳ ಶಾಲೆ ಫ್ರೆಂಚ್ ಅಂದಮೇಲೆ ಮರ್ಯಾದೆ ಹೋಗುವ ಪ್ರಸಂಗಗಳಿಗೆ ಬರವೇ ಇರಲಿಲ್ಲ. ಯಜಮಾನರ ಟೆಲಿಕಾಂ ಕಂಪನಿ ಮುಂದೆ ಫ್ರೆಂಚ್ ಆಡುವ ಯಾವುದೋ ದೇಶಕ್ಕೆ ಕಳಿಸಬಹುದೆಂದು ಮಗಳನ್ನು ನಮ್ಮ ಕಿಲೆಲೆಶ್ವಾ ಬಡಾವಣೆಯ ಪಕ್ಕದ ಲ್ಯಾವಿಂಗ್ಟನ್ನಿನ ಪುಟ್ಟ ಫ್ರೆಂಚ್ ಶಾಲೆಗೆ ಹಾಕಿದ್ದೆವು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು ಅಲ್ಲಿ ತುಟಿ ಬಿಚ್ಚಲಿಲ್ಲ. "ಜನವರಿಯಲ್ಲೂ ಹೀಗೇ ಇದ್ದರೆ ಕೆಳಗಿನ ತರಗತಿಗೆ ಕಳಿಸಬೇಕಾಗುತ್ತೆ" ಎಂದರು ಟೀಚರ್. ಅಂದಿನಿಂದ ಟೀಚರನ್ನು ಒಲಿಸಿಕೊಳ್ಳುವುದೇ ನನ್ನ ಕೆಲಸವಾಯಿತು.

ಉದುರೆಲೆ

ಅಕ್ಟೋಬರಿನಲ್ಲಿ ಶಾಲೆಯಿಂದ ಮೆಸೇಜು: ಶರತ್ಕಾಲದ ಪಾಠಕ್ಕೆ ಬಣ್ಣ ತಿರುಗಿದ ಒಣ ಎಲೆ ಕಳಿಸಿ. ಫ್ರಾನ್ಸಿನಲ್ಲಿ ಆಗ ಎಲೆಗಳೆಲ್ಲ ಹಳದಿ, ಕೆಂಪಾಗಿ ಉದುರುತ್ತವಂತೆ. ನಮ್ಮ ರಸ್ತೆಯಲ್ಲಿ ಉದುರುತ್ತಿದ್ದದ್ದು ಜಕರಂಡದ ನೇರಳೆ ಹೂ, ಉಳಿದದ್ದೆಲ್ಲ ಹಚ್ಚಹಸಿರು. ಹುಡುಕಿ ಸಾಕಾಗಿ, ಬಾಗಿಲಲ್ಲಿ ಒಣಗಿ ನೇತಾಡುತ್ತಿದ್ದ ದಸರೆಯ ಮಾವಿನ ತೋರಣವನ್ನೇ ಕಿತ್ತು ಕಳಿಸಿದೆ. ಮಧ್ಯಾಹ್ನ ಹೋಗಿ ನೋಡಿದರೆ ಟೀಚರ್ ಅದನ್ನು ದಾರದ ಸಮೇತ ತರಗತಿಯ ಬಾಗಿಲಿಗೆ ಕಟ್ಟಿದ್ದಾರೆ! "ಎಂಥ ಚೆಂದದ ಶರತ್ಕಾಲ!" ಎಂದು ನನ್ನ ಕೈ ಕುಲುಕಿದರು.

ಯಜಮಾನರು ಕೇಳಿ, "ನೀನು ಸೋಮಾರಿತನಕ್ಕೆ ಬಿಚ್ಚದೆ ಬಿಟ್ಟಿದ್ದನ್ನ ಅವರು ಋತು ಅಂತ ಪಾಠ ಮಾಡ್ತಿದಾರಲ್ಲೇ!" ಎಂದರು.

ಸೇವಂತಿಗೆ

ಹೊಗಳಿಕೆಯಿಂದ ಧೈರ್ಯ ಬಂತು. ದೀಪಾವಳಿಗೆ ಟೀಚರನ್ನು ಇನ್ನಷ್ಟು ಒಲಿಸಿಕೊಳ್ಳೋಣವೆಂದು ರೇಷ್ಮೆ ಸೀರೆ ಉಟ್ಟು, ರಸ್ತೆಬದಿಯ ಹೂವಿನವನಿಗೆ ಸ್ವಾಹಿಲಿಯಲ್ಲಿ 'ಅಸಾಂಟೆ' ಎಂದು ಥ್ಯಾಂಕ್ಸ್ ಹೇಳಿ, ಹಳದಿ ಸೇವಂತಿಗೆಯ ದೊಡ್ಡ ಗೊಂಚಲು ಹಿಡಿದು ಹೋದೆ. ಟೀಚರ್ ಮುಖ ಬಾಡಿತು. ಮೆತ್ತಗೆ, "ಯಾರು ತೀರಿಕೊಂಡರು?" ಎಂದರು.

"ಅಯ್ಯೋ, ಯಾರೂ ಇಲ್ಲ, ಹಬ್ಬ!"

ಅವರ ಕಡೆ ನವೆಂಬರಿನಲ್ಲಿ ಈ ಹೂವನ್ನು ಸಮಾಧಿಗಳ ಮೇಲೆ ಇಡುತ್ತಾರಂತೆ, ಉಡುಗೊರೆಯಾಗಿ ಯಾರೂ ಕೊಡುವುದಿಲ್ಲವಂತೆ. "ನಮಗೆ ಇದು ಶುಭ" ಎಂದು ಸಮಾಧಾನ ಹೇಳಿ ತಿರುಗಿ ಹೊರಟೆ. ಹಿಂದಿನಿಂದ "ಓ!" ಎಂಬ ಉದ್ಗಾರ ಕೇಳಿತು. ನನ್ನ ಜಡೆಯ ತುಂಬ ಅದೇ ಹೂವಿತ್ತು.

ರಾಜನ ಕೇಕು

ಜನವರಿಯಲ್ಲಿ ತಮ್ಮದೊಂದು ಹಬ್ಬಕ್ಕೆ ಟೀಚರ್ ಮಕ್ಕಳನ್ನೂ ತಾಯಂದಿರನ್ನೂ ಮನೆಗೆ ಕರೆದರು. ಮೇಜಿನ ಮೇಲೆ ಬಾದಾಮಿ ಹೂರಣದ ದುಂಡನೆಯ ಕೇಕು. ಅವರ ಪದ್ಧತಿಯಂತೆ ಎಲ್ಲರಿಗಿಂತ ಚಿಕ್ಕ ಮಗು ಮೇಜಿನ ಕೆಳಗೆ ಕೂತು, ಯಾವ ತುಂಡು ಯಾರಿಗೆ ಎಂದು ಹೆಸರು ಕೂಗಬೇಕು. ಚಿಕ್ಕವಳು ನಮ್ಮವಳೇ. ಕೆಳಗೇನೋ ತೂರಿದಳು, ತುಟಿ ಪಿಟಕ್ಕೆನ್ನಲಿಲ್ಲ. ಕಾದು ಕಾದು, ಅವಳನ್ನು ಅಲ್ಲೇ ಬಿಟ್ಟು, ಟೀಚರೇ ಹಂಚಿದರು. ಇನ್ನು ಕೆಳಗಿನ ತರಗತಿಯೇ ಗತಿ ಎಂದು ನನ್ನ ಕಣ್ಣು ತುಂಬಿತು.

ಆ ಸಂಕಟದಲ್ಲಿ ಕೇಕು ಕಚ್ಚಿದರೆ ಹಲ್ಲಿಗೆ ಕಲ್ಲು! ಊಟದಲ್ಲಿ ಕಲ್ಲು ಸಿಕ್ಕರೆ ಬಡಿಸಿದವರಿಗೆ ಗೊತ್ತಾಗದಂತೆ ಮರೆಮಾಡುವುದು ನಮ್ಮಮ್ಮ ಕಲಿಸಿದ ಸಂಸ್ಕಾರ. ಕರ್ಚೀಫಿಗೆ ಉಗಿದು, ನೋಡದೆಯೇ ಸುತ್ತಿ, ಮೇಜಿನಡಿ ಬ್ಯಾಗಿಗೆ ಇಳಿಸಿದೆ.

ಕೇಕು ಖಾಲಿಯಾಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಒಳಗೆ ಪಿಂಗಾಣಿಯ ಪುಟ್ಟ ಗೊಂಬೆ ಇಟ್ಟಿದ್ದರಂತೆ. ಸಿಕ್ಕವರು ಆ ದಿನದ ರಾಜ ಅಥವಾ ರಾಣಿ. "ಯಾವುದೋ ಮಗು ನುಂಗಿಬಿಟ್ಟಿದೆ!" ಎಂದು ಟೀಚರ್ ಡಾಕ್ಟರಿಗೆ ಫೋನ್ ಮಾಡಲು ಎದ್ದರು. ನನ್ನ ಬ್ಯಾಗಿನಲ್ಲಿರುವುದು ಕಲ್ಲಲ್ಲ ಎಂದು ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಮೇಜಿನ ಕೆಳಗಿನಿಂದ ನನ್ನ ಮಗಳ ದನಿ! ಗಟ್ಟಿಯಾಗಿ, ಫ್ರೆಂಚಿನಲ್ಲಿ! ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಸಂತೋಷದಲ್ಲಿ ಗೊಂಬೆ, ಡಾಕ್ಟರು ಎಲ್ಲ ಮರೆತು ಎದ್ದು ಚಪ್ಪಾಳೆ ತಟ್ಟಿದೆ. "ಇನ್ನೊಂದ್ಸಲ ಹೇಳು ಪುಟ್ಟಿ, ಜೋರಾಗ್ ಹೇಳು, ಎಲ್ರಿಗೂ ಕೇಳ್ಲಿ!"

ಅವಳು ಇನ್ನೂ ಜೋರಾಗಿ ಹೇಳಿದಳು. ಎಲ್ಲರೂ ನನ್ನ ಬ್ಯಾಗನ್ನೇ ನೋಡಿದರು.

ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ನನಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು: "'ಯಾರೂ ನುಂಗಿಲ್ಲ, ನಮ್ಮಮ್ಮ ಕದ್ದು ಬ್ಯಾಗಿಗೆ ಹಾಕಿಕೊಂಡಿದ್ದಾಳೆ' ಅಂತಿದ್ದಾಳೆ. ಒಂದೇ ಒಂದು ತಪ್ಪಿಲ್ಲ. ನನ್ನ ತರಗತಿಯಲ್ಲೇ ಇರಲಿ."