ಪಲ್ಲವಿಯ ಎರಡು ಬ್ಯಾಗುಗಳ ಸಾರ್ವಜನಿಕ ಹಂಚಿಕೆ

ಗೊಳಸಂಗಿಯಿಂದ ವಿದೇಶಕ್ಕೆ ಓದಲು ಹೋಗುವವರ ಬ್ಯಾಗು ಊರಿನ ಸಾರ್ವಜನಿಕ ಆಸ್ತಿ. ಗೋಮಾಳ, ಹಳ್ಳದ ದಾರಿ, ಬಸ್ ನಿಲ್ದಾಣದ ಕಟ್ಟೆ ಇವುಗಳ ಸಾಲಿಗೆ ಸೇರುವ ಈ ವಿಷಯದಲ್ಲಿ ಊರಿನಲ್ಲಿ ಎಂದೂ ಎರಡು ಮಾತಿರಲಿಲ್ಲ. ಗೊತ್ತಿಲ್ಲದೆ ಇದ್ದವಳು ಪಲ್ಲವಿ ಒಬ್ಬಳೇ. ಟಿಕೆಟ್ಟು ಅವಳ ಹೆಸರಿನಲ್ಲಿ ಇದ್ದುದರಿಂದ ಆ ಮಟ್ಟಿನ ತಪ್ಪು ಕಲ್ಪನೆ ಸಹಜವೇ.

ಪಲ್ಲವಿ ಬೀಜ-ಗೊಬ್ಬರದ ಅಂಗಡಿ ಪರಪ್ಪನ ಮಗಳು. ಕಾಲುವೆಯ ನೀರನ್ನು ಕೊನೆಯ ಹೊಲದವರೆಗೆ ಮುಟ್ಟಿಸುವುದು ಹೇಗೆ ಎಂದು ಕಲಿತೇ ತೀರಬೇಕೆಂಬ ಹಟ ಅವಳದು. ಅಂಗಡಿಗೆ ಬರುವ ಅರ್ಧ ಜಗಳಗಳು ಅದೇ ವಿಷಯದವು, ಅವನ್ನು ಕೇಳುತ್ತಲೇ ಬೆಳೆದವಳು ಅವಳು. ಲಂಡನ್ನಿನ ಒಂದು ವಿಶ್ವವಿದ್ಯಾಲಯ ಸರಿಯಾಗಿ ಅದನ್ನೇ ಕಲಿಸುತ್ತೇವೆಂದು ಕರೆದಾಗ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಭಿನಂದಿಸಲು ಮೊದಲು ಬಂದವಳು ಪಕ್ಕದ ಮನೆಯ ಮುದುಕಿ ಜೈತುನಬಿ. ಕೈಯಲ್ಲಿ ಡಬ್ಬಿ ಇತ್ತು.

"ಭಾಳ ಶ್ಯಾಣೇ ಆದಿ ನನ್ನವ್ವಾ. ಇದೊಂದು ನನ್ನ ಮೊಮ್ಮಗಗ ಮುಟ್ಟಸಬೇಕ ನೋಡು."

"ಎಲ್ಲಿ ಅದಾನ್ರಿ ಯಮ್ಮಾ ಅಂವ?"

"ಅಲ್ಲೇ, ಫಾರಿನ್‌ದಾಗ. ದುಬೈ ಅಂತ."

"ನಾ ಲಂಡನ್ನಿಗೆ ಹೊಂಟೇನ್ರಿ."

"ಹಂಗಾರ ದಾರ್ಯಾಗ ಇಳದು ಕೊಟ್ಟ ಹೋಗು. ಭಾಳ ಹೊತ್ತು ಕುಂಡ್ರಬ್ಯಾಡ, ಚಾ ಕುಡದು ಎದ್ದಬಿಡು."

ವಿಜಯಪುರಕ್ಕೆ ಹೊರಟವರ ಕೈಗೆ ನಾಲ್ಕು ಮನೆಯ ಚೀಲ ಕೊಡುವುದು ಈ ಕಡೆಯ ಪದ್ಧತಿ. ಲಂಡನ್ನಿಗೂ ದುಬೈಗೂ ನಡುವೆ ಇಂಡಿಗೂ ಸಿಂದಗಿಗೂ ಇರುವಷ್ಟೇ ದೂರ ಎಂಬುದು ಈ ಕಡೆಯ ಭೂಗೋಳ. ಸಂಜೆಯ ಹೊತ್ತಿಗೆ ಪರಪ್ಪನ ಪಡಸಾಲೆಯಲ್ಲಿ ಡಬ್ಬಿಗಳಿಗೆ ಜಾಗ ಸಾಲದೆ ಮನೆಯವರು ಅಂಗಳದಲ್ಲಿ ಕೂತರು.

ಈ ಅವ್ಯವಸ್ಥೆಯನ್ನು ಗ್ರಾಮ ಪಂಚಾಯಿತಿಯ ನಿವೃತ್ತ ಕಾರ್ಯದರ್ಶಿ ಚಂದಪ್ಪನವರು ನೋಡಲಾರದೆ 'ವಿದೇಶ ಗಂಟು ಹಂಚಿಕೆ ಸಮಿತಿ'ಯನ್ನು ಸ್ಥಾಪಿಸಿ, ಅದರ ಅಧ್ಯಕ್ಷರಾಗಿ ತಮ್ಮನ್ನು ತಾವೇ ಅವಿರೋಧವಾಗಿ ಆರಿಸಿಕೊಂಡರು. ಮರುದಿನವೇ ಮೈಕಿನಲ್ಲಿ ಪ್ರಕಟಣೆ ಹೊರಟಿತು:

"ಸಾರ್ವಜನಿಕರ ಗಮನಕ್ಕೆ. ಕುಮಾರಿ ಪಲ್ಲವಿ ಇವರ ವಿಮಾನದ ಎರಡು ಬ್ಯಾಗುಗಳಲ್ಲಿ ಲಭ್ಯವಿರುವ ಜಾಗವನ್ನು ತಾಲೂಕುವಾರು ಹಂಚಲು ತೀರ್ಮಾನಿಸಲಾಗಿದೆ. ಎಣ್ಣೆ ಸೋರುವ ಡಬ್ಬಿಗಳನ್ನು ತಿರಸ್ಕರಿಸಲಾಗುವುದು. ಸೋರುವುದಿಲ್ಲವೆಂದು ಆಣೆ ಮಾಡಿದಲ್ಲಿ, ಸೋರಿದರೂ ಸ್ವೀಕರಿಸಲಾಗುವುದು."

ತಾಲೂಕುವಾರು ಎಂದದ್ದೇ ತಡ, ಇಂಡಿಯವರು ಲಿಂಬಿಕಾಯಿ ಉಪ್ಪಿನಕಾಯಿಯ ಭರಣಿ ಹೊತ್ತು ಬಂದು, ತಮಗೆ ಮೊದಲಿನಿಂದಲೂ ಅನ್ಯಾಯವಾಗುತ್ತ ಬಂದಿದೆ ಎಂದರು. ಸಿಂದಗಿಯವರು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಂದು, ಇಂಡಿಗೆ ಕೊಟ್ಟಷ್ಟು ತಮಗೂ ಬೇಕೆಂದರು. ಮುದ್ದೇಬಿಹಾಳದವರು ತಂದದ್ದು ಖಡಕ್ ರೊಟ್ಟಿ. ರೊಟ್ಟಿ ಹಗುರ. ತೂಕದ ಲೆಕ್ಕ ಹಿಡಿದರೆ ಒಂದು ಬ್ಯಾಗು ಪೂರ್ತಿ ತಮ್ಮದೇ ಆಗುತ್ತದೆಂದು ಕಂಡುಕೊಂಡ ಅವರು, ತೂಕದ ಲೆಕ್ಕವನ್ನೇ ಹಿಡಿಯಬೇಕೆಂದು ಧರಣಿ ಕೂತರು. ಧರಣಿಯವರಿಗೆ ಚಹಾ ಪರಪ್ಪನ ಮನೆಯಿಂದಲೇ ಹೋಯಿತು.

ಪಲ್ಲವಿ ಚಂದಪ್ಪನವರ ಹತ್ತಿರ ಹೋಗಿ ನಿಂತಳು.

"ಕಾಕಾ, ನನ್ನ ಪುಸ್ತಕಾ, ನನ್ನ ಕೋಟು ಎಲ್ಲಿ ಇಡ್ಲಿ?"

"ಅರ್ಜಿ ಕೊಟ್ಟೀಯೇನವಾ?"

"ಬ್ಯಾಗ್ ನಂದ ಐತಲ್ರಿ!"

"ಬ್ಯಾಗ್ ನಿಂದ, ಯಾರ ಇಲ್ಲ ಅಂದಾರ? ನಾವು ಒಳಗಿನ ಜಾಗದ ಮಾತ ಆಡಾಕತ್ತೇವಿ."

ಆದರೂ ಸಮಿತಿಗೆ ಹೃದಯವಿತ್ತು. ಮೈಮೇಲೆ ತೊಟ್ಟ ವಸ್ತುಗಳು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಅದು ಠರಾವು ಪಾಸು ಮಾಡಿತು. ಪುಸ್ತಕಗಳನ್ನು ಪರಪ್ಪ ಪುಟಪುಟವಾಗಿ ಫೋಟೋ ತೆಗೆದು ಮೊಬೈಲಿಗೆ ಕಳಿಸತಕ್ಕದ್ದು ಎಂದೂ ಆಯಿತು. ಹೀಗೆ ಪಲ್ಲವಿ ಸುಡುಬಿಸಿಲಿನಲ್ಲಿ ಎರಡು ಸ್ವೆಟರಿನ ಮೇಲೆ ಉಣ್ಣೆಯ ಕೋಟು ತೊಟ್ಟು ಊರು ಬಿಟ್ಟಳು. ತಾಯಿ ಇಂದುಬಾಯಿ ಅತ್ತಳು, ಮಗಳು ಬೆವತಳು. ವಿಮಾನವು ದುಬೈಯಲ್ಲಿ ಇಳಿಯದೆ ನೇರವಾಗಿ ಹೋದದ್ದನ್ನು ಜೈತುನಬಿ ಡ್ರೈವರನ ಸೊಕ್ಕು ಎಂದು ಭಾವಿಸಿದಳು.

ಲಂಡನ್ನು ಚೆಂದವಿತ್ತು. ನೆಲದಡಿಯ ರೈಲು, ನಡುವೆ ಹರಿಯುವ ನದಿ, ಕತ್ತಲಾದರೂ ಬಾಗಿಲು ಹಾಕದ ಗ್ರಂಥಾಲಯ. ಮೊದಲ ತರಗತಿಯಲ್ಲಿ ಫಲಕದ ಮೇಲೆ ಕಾಲುವೆಯ ಚಿತ್ರ ಮೂಡಿದಾಗ ಪಲ್ಲವಿಗೆ ಆನಂದದಿಂದ ಕಣ್ಣು ತುಂಬಿದವು. ಎರಡನೇ ತರಗತಿಯ ಹೊತ್ತಿಗೆ ಅವಳು ಉಪ್ಪಿನಕಾಯಿ ಹಿಡಿದು ಲೀಡ್ಸ್ ಎಂಬ ಊರಿನಲ್ಲಿದ್ದಳು.

ಏಕೆಂದರೆ ಡಬ್ಬಿ ಮುಟ್ಟಬೇಕಾದವರು ಯಾರೂ ಲಂಡನ್ನಿನಲ್ಲಿರಲಿಲ್ಲ. ಡಬ್ಬಿಯೊಂದಿಗೆ ಅವರು ನಿಂತ ಫೋಟೋ ಬಂದ ಹೊರತು ಸಮಿತಿ ವಿಲೇವಾರಿಯನ್ನು ಒಪ್ಪುತ್ತಿರಲಿಲ್ಲ. ದಿನಾ ಮುಂಜಾನೆ ಮೊಬೈಲಿಗೆ ಜ್ಞಾಪನ ಬರುತ್ತಿತ್ತು: "ಸಿಂದಗಿ ತಾಲೂಕಿನ ಹಿಂಡಿ ಇನ್ನೂ ಮುಟ್ಟಿಲ್ಲವೆಂದು ದೂರು ಇದೆ. ವಿವರಣೆ ನೀಡುವುದು." ಪಲ್ಲವಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಏರಿದ ಸಿಟ್ಟಿನಲ್ಲೇ ರೈಲು ಹತ್ತುತ್ತಿದ್ದಳು.

ಗ್ಲಾಸ್ಗೋದ ನಿಲ್ದಾಣದಲ್ಲಿ ಮುದ್ದೇಬಿಹಾಳದ ಅನೀಲಕುಮಾರ ಕಾಯುತ್ತಿದ್ದ. ಚಳಿಗೆ ತುಟಿ ಒಡೆದಿದ್ದವು. ರೊಟ್ಟಿಯ ಗಂಟು ಕೈಗೆ ಸಿಕ್ಕಿದ್ದೇ ಅಲ್ಲೇ ಬಿಚ್ಚಿ, ನಿಂತಲ್ಲೇ ಒಂದನ್ನು ಕಟಂ ಎಂದು ಮುರಿದು ಬಾಯಿಗಿಟ್ಟ. ಆಮೇಲೆ ಮುಖ ಆ ಕಡೆ ತಿರುಗಿಸಿದ.

"ಯಾಕ, ಏನಾತು?"

"ಏನಿಲ್ಲ ಅಕ್ಕಾ. ನಮ್ಮವ್ವನ ಕೈಯಾಂದು. ಎಳ್ಳ ಜಾಸ್ತಿ ಹಚ್ಚತಾಳ ಆಕಿ."

ಪಲ್ಲವಿಯೂ ಗಂಟಿಗೆ ಕೈ ಹಾಕಿದಳು. ಇಬ್ಬರೂ ಸೇರಿ ಇನ್ನೆರಡು ರೊಟ್ಟಿ ತಿಂದರು. ಆ ದಿನ ಮಾತ್ರ ಅವಳು ಸಮಿತಿಯನ್ನು ಬೈಯಲಿಲ್ಲ.

ಡಬ್ಬಿಗಳು ತೀರಿದವು, ದುಬೈಯದೊಂದು ಉಳಿಯಿತು. ಅಷ್ಟರಲ್ಲಿ ವಿಶ್ವವಿದ್ಯಾಲಯದಿಂದ ಪತ್ರ ಬಂತು: ಹಾಜರಾತಿ ಇಲ್ಲ, ಮಂಡಳಿಯ ಮುಂದೆ ಬಂದು ಕಾರಣ ಹೇಳಬೇಕು, ಕಾರಣ ಒಪ್ಪಿಗೆಯಾಗದಿದ್ದರೆ ಪ್ರವೇಶ ರದ್ದು, ಮರಳಿ ಊರಿಗೆ. ಪಲ್ಲವಿ ಫೋನಿನಲ್ಲಿ ಚಂದಪ್ಪನವರ ಮುಂದೆ ಅತ್ತೇಬಿಟ್ಟಳು.

"ಅಳಬ್ಯಾಡ, ನಾ ಅದೇನಿ," ಎಂದರು ಅವರು. ಅಂದೇ ದುಂಡು ಮುದ್ರೆ ಒತ್ತಿದ ಠರಾವು ಹೊರಟಿತು. ಪರಪ್ಪ ಅದಕ್ಕೊಂದು ಇಂಗ್ಲಿಷ್ ಪ್ರತಿ ಮಾಡಿಸಿದ. "ಸದರಿ ವಿದ್ಯಾರ್ಥಿನಿಯು ನಮ್ಮದೂ ಸೇರಿ ನಾಲ್ಕು ತಾಲೂಕುಗಳ ಸೇವೆಯ ಮೇಲಿರುವುದರಿಂದ ಗೈರುಹಾಜರಿಯನ್ನು ಹಾಜರಾತಿ ಎಂದೇ ಪರಿಗಣಿಸತಕ್ಕದ್ದು."

ಮುಗಿಯಿತು ನನ್ನ ಕಥೆ ಎಂದುಕೊಂಡೇ ಪಲ್ಲವಿ ಮಂಡಳಿಯ ಮುಂದೆ ಕೂತಳು. ಆದರೆ ಒಂದು ಕಚೇರಿಯ ಭಾಷೆ ಇನ್ನೊಂದು ಕಚೇರಿಗೆ ಎಲ್ಲಿದ್ದರೂ ತಿಳಿಯುತ್ತದೆ. ಮುಖ್ಯಸ್ಥೆ ಆ ಮುದ್ರೆಯನ್ನು ಬಹಳ ಹೊತ್ತು ಗೌರವದಿಂದ ನೋಡಿದರು.

"ಇದು ಸಮುದಾಯ ಸಂಸ್ಥೆಯೇ?"

"ಹೌದು, ಮೇಡಂ."

"ಈ ವರ್ಷ ಸಮುದಾಯ ಸಹಭಾಗಿತ್ವದ ನಮ್ಮ ಗುರಿ ಪೂರ್ತಿಯಾಗಿಲ್ಲ. ನೀವು ಮಾಡುತ್ತಿರುವುದನ್ನೇ ಪ್ರಬಂಧವಾಗಿ ಬರೆಯಿರಿ. ಶೀರ್ಷಿಕೆ: 'ಕೊನೆಯ ಫಲಾನುಭವಿಯವರೆಗೆ ವಿತರಣೆ'."

"ಮೇಡಂ, ನಾನು ನೀರು ಕಲಿಯಲು ಬಂದವಳು. ಇದು ಉಪ್ಪಿನಕಾಯಿ."

"ತತ್ವ ಒಂದೇ. ಉಪ್ಪಿನಕಾಯಿಯಲ್ಲೂ ರಸವಿರುತ್ತದೆ."

ತರಗತಿಗೆ ಬಂದರೆ ಕ್ಷೇತ್ರಕಾರ್ಯಕ್ಕೆ ಧಕ್ಕೆಯಾಗುವುದೆಂದು ಅವಳಿಗೆ ತರಗತಿಯಿಂದ ಪೂರ್ತಿ ವಿನಾಯಿತಿ ದೊರೆಯಿತು. ಊರಿಂದ ಹೊಸ ಡಬ್ಬಿಗಳು ಬಂದವು. ಮನೆಗೆ ಅಟ್ಟಲಿಲ್ಲವಲ್ಲ ಎಂಬ ಸಮಾಧಾನಕ್ಕೆ ಪಲ್ಲವಿ ರೈಲು ಹತ್ತುತ್ತಲೇ ಇದ್ದಳು. ಕಾಲುವೆಯ ಚಿತ್ರವಿದ್ದ ಆ ಕೋಣೆಯ ಮುಂದೆ ಹಾಯುವಾಗ ಮಾತ್ರ ನಿಂತು ಒಳಗೆ ಇಣುಕುತ್ತಿದ್ದಳು. ವರ್ಷ ತುಂಬಿದಾಗ ಮೊದಲ ದರ್ಜೆಯಲ್ಲಿ ಪಾಸಾದಳು.

ಗೊಳಸಂಗಿಯಲ್ಲಿ ಸತ್ಕಾರ ನಡೆಯಿತು. ಶಾಲು ಹೊದಿಸಿದರು, ಹಾರ ಹಾಕಿದರು. ಕೊನೆಗೆ ಹಿಂದಿನ ಸಾಲಿನಿಂದ ರೇವವ್ವ ಎದ್ದು ನಿಂತಳು. ಕಾಲುವೆಯ ತುದಿಯ ಹೊಲ ಅವಳದು.

"ಕಲತ ಬಂದಿಯಲ್ಲವಾ ತಾಯಿ, ಚೊಲೋ ಆತು. ನನ್ನ ಹೊಲಕ್ಕ ನೀರ ಯಾವಾಗ ಮುಟ್ಟಸ್ತಿ?"

ಪಲ್ಲವಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು.

"ಆಯಿ, ನನಗ ಗೊತ್ತಿಲ್ಲ. ಅದನ್ನ ಹೇಳಿಕೊಟ್ಟ ದಿನ ನಾ ಸಾಲ್ಯಾಗ ಇರಲಿಲ್ಲ. ನಿಮ್ಮ ಡಬ್ಬಿ ಮುಟ್ಟಸಾಕ ಹೋಗಿದ್ದೆ."

"ಡಬ್ಬಿ ಮುಟ್ಟತಲ್ಲ?" ಎಂದರು ಚಂದಪ್ಪನವರು ಮೈಕು ಎಳೆದುಕೊಂಡು. "ಅಂದಮ್ಯಾಲ ವಿದ್ಯಾ ಬಂತು."

ಸಭೆಗೆ ಬೆಳಕು ಹರಿಯಿತು. ಅಲ್ಲೇ ಠರಾವಾಯಿತು: ಆ ಹೊಲದ ಕಡೆಗೆ ಹೋಗುವ ಪ್ರತಿಯೊಬ್ಬರೂ ಒಂದು ಡಬ್ಬಿ ನೀರು ಒಯ್ದು, ರೇವವ್ವನ ಬೆಳೆಗೆ ಹಾಕಿ, ಬೆಳೆಯೊಂದಿಗೆ ನಿಂತು ಫೋಟೋ ಕಳಿಸತಕ್ಕದ್ದು. ವಿದೇಶದಲ್ಲಿ ಕಲಿತು ಬಂದ ತಾಂತ್ರಿಕ ಸಲಹೆಗಾರ್ತಿಯೆಂದು ಪಲ್ಲವಿ ಸಹಿ ಹಾಕಿದಳು. ಮೊದಲ ಸಲ ಪೂರ್ತಿ ಓದಿ ಹಾಕಿದಳು, ಈಗ ಓದದೆ ಹಾಕುತ್ತಾಳೆ.

ಯೋಜನೆ ಸುಗಮವಾಗಿ ನಡೆದಿದೆ. ಹೊಲದಲ್ಲಿ ಒಂದು ಸಾಲು ಜೋಳ ಹಸಿರಾಗಿದೆ. ಉಳಿದ ಸಾಲುಗಳಿಗಾಗಿ ರೇವವ್ವ ಅರ್ಜಿ ಕೊಟ್ಟಿದ್ದಾಳೆ.