ಸಪ್ಪಳವಿಲ್ಲದ ಇಂಜಿನ್

ಇಷ್ಟೆಲ್ಲಕ್ಕೂ ಕಾರಣ ಹೆಬ್ಬೆರಳಷ್ಟಿದ್ದ ಒಂದು ರೋಟರ್. ಇಂಜಿನ್ನಿಗೆ ಕಿಡಿ ಹಂಚುವ ಆ ತುಂಡನ್ನು ಡ್ರೈವರ್ ಲಾಡಸಾಬ ಬೆಳಿಗ್ಗೆಯೇ ಕಿತ್ತು ಕಿಸೆಗೆ ಹಾಕಿಕೊಂಡಿದ್ದ. ಅದಿಲ್ಲದೆ ಕಾರು ಚಾಲೂ ಆಗದು. ಚಾಲೂ ಆಗದ ಕಾರನ್ನು ಯಾರೂ ಕೊಳ್ಳರು, ಇವನ ಕೆಲಸ ಉಳಿಯುತ್ತದೆ. ಈ ದಿವ್ಯ ಸಲಹೆ ಪಕ್ಕದ ಚಹಾ ಅಂಗಡಿಯ ಹಣಮಪ್ಪನದು. ಕೇಳದೆ ಸಲಹೆ ಕೊಡುವುದರಲ್ಲಿ ಗೋವಾದ ಇಡೀ ವಾಸ್ಕೋ ಊರಿನಲ್ಲಿ ಅವನನ್ನು ಮೀರಿಸುವವರಿಲ್ಲ.

ಕಾರೂ ಅಂತಿಂಥದ್ದಲ್ಲ. ವಿಲಾಯತಿನಲ್ಲಿ ತಗಡು ಬಡಿಬಡಿದು ಕೈಯಿಂದಲೇ ಕಟ್ಟಿದ ಉದ್ದನೆಯ ಲಿಮೋಸಿನ್. ಪೋರ್ಚುಗೀಸರ ಕಾಲದಲ್ಲಿ ಗಣಿ ಧಣಿಯೊಬ್ಬ ಹಡಗಿನಲ್ಲಿ ತರಿಸಿದ್ದು. ಅವನ ದಿನ ಕೆಟ್ಟ ಮೇಲೆ ಬಟ್ಟೆ ವ್ಯಾಪಾರಿ ನಿಜಲಿಂಗಪ್ಪನವರ ತಂದೆ ಕೊಂಡು, ಮದುವೆಗಳಿಗೆ ಬಾಡಿಗೆ ಬಿಟ್ಟರು. ಇಂಜಿನ್ ಓಡುವಾಗ ಬಾನೆಟ್ ಮೇಲೆ ನಾಣ್ಯ ನಿಲ್ಲಿಸಿದರೂ ಬೀಳುವುದಿಲ್ಲ, ಸಪ್ಪಳವಂತೂ ಇಲ್ಲವೇ ಇಲ್ಲ ಎಂದು ಲಾಡಸಾಬ ಸಿಕ್ಕಸಿಕ್ಕ ಮದುಮಗನಿಗೆಲ್ಲ ಹೇಳುತ್ತಿದ್ದ. ಅವರು ಆಕಳಿಸುತ್ತಿದ್ದರು.

ಕಲಂಗುಟ್‌ನ ಹೋಟೆಲ್ ಮಾಲೀಕ ಯಶವಂತ, ನಿಜಲಿಂಗಪ್ಪನವರು ಈಗ ಮಾರಲು ಹೊರಟಿದ್ದ ಈ ಕಾರನ್ನು ನೋಡಲು ಬಂದ. ಲಾಡಸಾಬ ಕೀಲಿ ತಿರುಗಿಸಿದ. ಊಹೂಂ.

"ತಳ್ಳೂಣ ಬರ್ರೀ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಹಣಮಪ್ಪನೇ. ತನ್ನ ಮೇಲೆ ಸಂಶಯ ಬರಬಾರದಲ್ಲ! ಓಣಿಯವರೆಲ್ಲ ಸೇರಿ ನೂಕಿದ ರಭಸಕ್ಕೆ ಕಾರು ಇಳಿಜಾರಿನಲ್ಲಿ ಉರುಳಿ ಹಣಮಪ್ಪನ ಅಂಗಡಿಗೇ ನುಗ್ಗಿತು. ಚಹಾದ ಪಾತ್ರೆ ಮಗುಚಿತು, ಬೆಂಚು ಮುರಿಯಿತು. ಕಾರಿಗೆ ಒಂದು ಗೀರೂ ಇಲ್ಲ.

ಯಶವಂತ ನಿಟ್ಟುಸಿರುಬಿಟ್ಟ. "ಆತು ಬಿಡ್ರಿ. ಹೋಟೆಲ್ ಮುಂದ ಹಂಗ ನಿಲ್ಲಸ್ತೀನಿ, ಮಂದಿ ಫೋಟೋ ತಕ್ಕೊಳ್ಳಲಿ. ಡ್ರೈವರ್ ಬ್ಯಾಡ ಇನ್ನ."

"ಡ್ರೈವರ್ ಅಂದ್ರ?" ಎಂದ ಲಾಡಸಾಬ.

ನಿಜಲಿಂಗಪ್ಪನವರ ಮುಖ ಸಪ್ಪಗಾಗಿತ್ತು. "ನಿನ್ನನ್ನ ಬಿಟ್ಟು ಗಾಡಿ ಕೊಡೂದಿಲ್ಲ ಅಂತ ನಾನು ಇವ್ರಿಗೆ ಅಂದಿದ್ನೋ. ನಿನಗ ಇರಾಕ ಖೋಲಿನೂ ಇವ್ರು ಕೊಡಾವ್ರಿದ್ರು. ಸಂಜೀಕ ಹೇಳಿ ಖುಷಿ ಮಾಡೂಣಂತ ಸುಮ್ನಿದ್ದೆ."

ಲಾಡಸಾಬ ಕಿಸೆಗೆ ಕೈ ಹಾಕಿ ರೋಟರನ್ನು ಹಿಡಿದುಕೊಂಡ. ಹೊರಗೆ ತೆಗೆದರೆ ಕಿತ್ತವನು ತಾನೇ ಎಂಬುದು ಬಯಲಾಗುತ್ತದೆ. ಅಷ್ಟರಲ್ಲಿ ಯಶವಂತ ಕರೆಸಿದ ಲಾರಿಗೆ ಕಾರನ್ನು ಹತ್ತಿಸಿ ಸರಪಳಿ ಬಿಗಿದರು. ಲಾರಿ ಗಡಗಡ ನಡುಗುತ್ತ ಹೊರಡಲು ನಿಂತಿತು. ಇವನು ತಡೆಯಲಾರದೆ ಮೇಲೆ ಹತ್ತಿ, ಬಾನೆಟ್ ತೆರೆದು ರೋಟರ್ ಕೂರಿಸಿ, ಕೀಲಿ ತಿರುಗಿಸಿದ. ಇಂಜಿನ್ ಚಾಲೂ ಆಯಿತು.

"ಚಾಲೂ ಐತ್ರೀ!"

ಯಶವಂತ ಕಿವಿಗೆ ಕೈ ಹಚ್ಚಿದ. "ಏನೂ ಕೇಳವಲ್ದಲ್ಲ ಚಾಚಾ?"

"ಅದಕ್ಕ ಸಪ್ಪಳನ ಇಲ್ರೀ! ಇಲ್ನೋಡ್ರಿ!" ಬಾನೆಟ್ ಮುಚ್ಚಿ ನಾಣ್ಯ ನಿಲ್ಲಿಸಿದ. ಲಾರಿಯ ನಡುಕಕ್ಕೆ ಅದು ಟಣ್ಣನೆ ಬಿತ್ತು.

"ಪಾಪ, ತಲಿ ಕೆಟ್ಟೈತಿ," ಎಂದು ಹಣಮಪ್ಪ ಅವನನ್ನು ರಟ್ಟೆ ಹಿಡಿದು ಕೆಳಗಿಳಿಸಿದ.

ಲಾರಿ ಹೊರಟಿತು. ಲಾಡಸಾಬ ಮುರಿದ ಬೆಂಚಿನ ಮೇಲೆ ಕೂತು ಅತ್ತ. ನಿನ್ನೆಯೇ ಟ್ಯಾಂಕಿಗೆ ಪೆಟ್ರೋಲ್ ತುಂಬಿಸಿದ್ದ. ಅದು ತೀರುವವರೆಗೂ ಇಂಜಿನ್ ಓಡುತ್ತಲೇ ಇರುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.