ಸೀಲು ಒಡೆಯದ ಕತೆ

ನಾರ್ಬರ್ಟ್ ಕ್ಲೂಗೆಗೆ ಗ್ರಹಚಾರ ವಕ್ರಿಸಿದ್ದು ಒಂದು ಕತೆ ಮುಗಿದದ್ದರಿಂದ. ಎರಡೂವರೆ ವರ್ಷ ಎಳೆದ ‘ಕಪ್ಪು ಜವುಗಿನ ಒಡೆಯ’ ಹೋದ ಶನಿವಾರ ಸತ್ತ. ಕೊಂದವರು ಮೂವರು: ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ಮಾರ್ಲಿಸ್, ಸ್ಕೂಲ್ ಬಸ್ಸು ಓಡಿಸುವ ಡ್ವೇನ್, ಚೀಸ್ ಕಾರ್ಖಾನೆಯ ಲಾನಿ. ಕೊಂದ ಜಾಗ ನಾರ್ಬರ್ಟನ ಅಡುಗೆಮನೆಯ ಮೇಜು, ಆಯುಧ ದಾಳ. ಕೊಂದಾದ ಮೇಲೆ ಬಟ್ಟಲಿನ ತಳದಲ್ಲಿ ಉಳಿದಿದ್ದ ಚಿಪ್ಸ್ ಬಳಿದು ತಿಂದು, ಕೈ ಪ್ಯಾಂಟಿಗೆ ಒರೆಸಿಕೊಂಡು, “ಸರಿ, ಮುಂದೇನು?” ಅಂದರು.

ವಿಸ್ಕಾನ್ಸಿನ್ನಿನ ನಮ್ಮೂರಲ್ಲಿ ಚಳಿಗಾಲ ಬಂದ ನೆಂಟ, ಹೋಗು ಅಂದರೂ ಹೋಗುವುದಿಲ್ಲ. ಸರೋವರ ಹೆಪ್ಪುಗಟ್ಟಿದ ಮೇಲೆ ಜನಕ್ಕೆ ಇರುವುದು ಎರಡೇ ದಾರಿ. ಮಂಜುಗಡ್ಡೆಗೆ ತೂತು ಕೊರೆದು ಮೀನಿಗಾಗಿ ಕಾಯಬೇಕು, ಇಲ್ಲವೇ ಮೇಜಿನ ಸುತ್ತ ಕೂತು ತಾನು ಮಾಂತ್ರಿಕ, ತಾನು ಶೂರ ಎಂದುಕೊಳ್ಳಬೇಕು. ಮೊದಲನೆಯದರಲ್ಲಿ ಅಪರೂಪಕ್ಕಾದರೂ ಮೀನು ಸಿಗುತ್ತದೆ.

ಎರಡನೆಯ ಆಟಕ್ಕೆ ಒಬ್ಬ ಯಜಮಾನ ಬೇಕು. ಅಂಗಡಿಯಿಂದ ತಂದ ಸಾಹಸಕತೆಯ ಸಂಪುಟಗಳು ಅವನ ಕೈಯಲ್ಲಿರುತ್ತವೆ. ಯಾರೂ ಇಣುಕದಂತೆ ರಟ್ಟಿನ ಮರೆ ನಿಲ್ಲಿಸಿಕೊಂಡು, “ನಿಮ್ಮೆದುರು ಒಂದು ಕಬ್ಬಿಣದ ಬಾಗಿಲು, ಏನು ಮಾಡುತ್ತೀರಿ?” ಎಂದು ಅವನು ಗಂಭೀರವಾಗಿ ಕೇಳುತ್ತಾನೆ. ಬೆಳೆದು ಕತ್ತೆಯಾದ ಮೂವರು ದಾಳ ಉರುಳಿಸಿ ಆ ಇಲ್ಲದ ಬಾಗಿಲನ್ನು ಒಡೆಯುತ್ತಾರೆ. ನಾರ್ಬರ್ಟ್ ಹಗಲು ಹೊತ್ತು ಕೌಂಟಿ ಕಚೇರಿಯಲ್ಲಿ ನಾಯಿಗಳಿಗೆ ಲೈಸೆನ್ಸ್ ಕೊಡುವ ಗುಮಾಸ್ತ. ಅಲ್ಲಿ ನಾಯಿಯೂ ಅವನ ಮಾತು ಕೇಳುವುದಿಲ್ಲ. ಇಡೀ ಭೂಮಂಡಲದಲ್ಲಿ ಅವನನ್ನು ಯಜಮಾನ ಎನ್ನುವ ಜಾಗ ಅಂದರೆ ಆ ರಟ್ಟಿನ ಹಿಂದಿನ ಕುರ್ಚಿ ಮಾತ್ರ.

ಆ ಕುರ್ಚಿಗೇ ಈಗ ಸಂಚಕಾರ ಬಂದಿತ್ತು.

“ನೋಡು ನಾರ್ಬರ್ಟ್, ನಿನ್ನದು ಯಾವಾಗಲೂ ಇದೇ ರಗಳೆ” ಎಂದಿದ್ದಳು ಮಾರ್ಲಿಸ್. “ಹೋದ ಸಲ ಕತೆ ಆರಿಸೋಕೆ ನಾಲ್ಕು ತಿಂಗಳು ತಗೊಂಡೆ. ಮುಂದಿನ ಶನಿವಾರ ಸಂಜೆ ಆರಕ್ಕೆ ಹೊಸದು ಶುರುವಾಗಬೇಕು. ಇಲ್ಲಾಂದ್ರೆ ನಾವು ಗಾರ್ಡಿ ಮನೆಗೆ ಹೋಗ್ತೀವಿ.”

“ಅಲ್ಲಿ ಸೋಫಾ ಇದೆ” ಎಂದು ಲಾನಿ ಕನಸು ಕಂಡವನಂತೆ ಸೇರಿಸಿದ್ದ.

ಗಾರ್ಡಿ ಊರಿನ ಇನ್ನೊಬ್ಬ ಯಜಮಾನ, ನಾರ್ಬರ್ಟನ ಹುಟ್ಟು ವೈರಿ. ಅವನು ಗಡ್ಡಕ್ಕೆ ಎಣ್ಣೆ ಹಚ್ಚಿ, ಆಟದಲ್ಲಿ ರಾಕ್ಷಸರಿಗೆಲ್ಲ ಬೇರೆ ಬೇರೆ ದನಿ ತೆಗೆಯುತ್ತಾನೆ. ನಾರ್ಬರ್ಟನ ರಾಕ್ಷಸರೆಲ್ಲ ನಾಯಿ ಲೈಸೆನ್ಸ್ ಕೇಳುವವರಂತೆಯೇ ಮಾತಾಡುತ್ತಿದ್ದರು.

ವಾರವಿಡೀ ನಿದ್ದೆಗೆಟ್ಟು ಓದಿ ನಾರ್ಬರ್ಟ್ ಮೂರು ಕತೆಗಳನ್ನು ಜರಡಿ ಹಿಡಿದು ಉಳಿಸಿಕೊಂಡ: ‘ಏಳು ಗಂಟೆಗಳ ಕೋಟೆ’, ‘ಉಪ್ಪಿನ ರಾಣಿ’, ‘ಮೂಳೆ ಬಂದರು’. ಯಾವುದಾದರೇನು, ಮೂರರಲ್ಲೂ ಇರುವುದು ಒಂದು ಗುಹೆ, ಒಬ್ಬ ದುಷ್ಟ, ಒಂದು ಶಾಪ. ಆದರೆ ಅದನ್ನು ಅವನಿಗೆ ಹೇಳುವವರು ಯಾರು? ಅವನಿಗೆ ಇದ್ದ ದಿಗಿಲು ಒಂದೇ. ದುಷ್ಟ ಯಾರೆಂದು ಆಡುವವರಿಗೆ ಮೊದಲೇ ತಿಳಿದರೆ ಕತೆ ಸತ್ತಂತೆ. ಹಾಗಾಗಿ ಮೂವರಿಗೂ ಗೊತ್ತಿಲ್ಲದ ಕತೆಯೇ ಆಗಬೇಕು.

ಶನಿವಾರ ಬೆಳಿಗ್ಗೆ ಹಾರ್ಲನ್ ಮುದುಕನ ಆಟದ ಅಂಗಡಿಗೆ ಹೋದ. ಹಾರ್ಲನ್‌ಗೆ ಮಾಲು ಮಾರುವುದಕ್ಕಿಂತ ಹರಟೆಯೇ ಹೆಚ್ಚು ಪ್ರೀತಿ.

“‘ಏಳು ಗಂಟೆಗಳ ಕೋಟೆ’ ಹೇಗಿದೆ ಹಾರ್ಲನ್?” ಎಂದು ನಾರ್ಬರ್ಟ್ ಪಿಸುಗುಟ್ಟಿದ.

“ಹೇಗಿದೆಯಾ!” ಹಾರ್ಲನ್ ದನಿಗೆ ಕಿಟಕಿ ಗಾಜು ನಡುಗಿತು. “ಕಣ್ಣಲ್ಲಿ ನೀರು ಬಂತು ಕಣಯ್ಯಾ! ಮೊದಲಿಂದ ಜೊತೇಲೇ ಇದ್ದು ಗಾಯಕ್ಕೆ ಪಟ್ಟಿ ಕಟ್ಟೋ ಆ ಪಾದ್ರಿ ಇದಾನಲ್ಲ, ಅವನೇ ಕೊನೇಲಿ ಡ್ರ್ಯಾಗನ್! ಯಾರಾದ್ರೂ ಅಂದುಕೊಳ್ತಾರಾ?”

ದಾಳದ ಕಪಾಟಿನ ಹಿಂದಿನಿಂದ ಒಂದು ತಲೆ ಮೇಲೆದ್ದಿತು. ಮಾರ್ಲಿಸ್‌ಳದು.

“ಓಹೋ, ಪಾದ್ರಿನಾ?” ಎಂದಳು. “ಒಳ್ಳೇದಾಯ್ತು. ಸಿಕ್ಕಿದ ತಕ್ಷಣ ಕೊಡಲಿ ಇಳಿಸ್ತೀನಿ.”

ಒಂದು ಕತೆ ಅಲ್ಲಿಗೆ ಗುಂಡಿ ಸೇರಿತು.

ಮಧ್ಯಾಹ್ನ ನಾರ್ಬರ್ಟ್ ಡೈನರ್ ಹೋಟೆಲಿನ ಮೂಲೆಯಲ್ಲಿ ಕರಿದ ಚೀಸ್ ತುಂಡುಗಳ ತಟ್ಟೆಯನ್ನು ಮುಂದಿಟ್ಟುಕೊಂಡು, ‘ಉಪ್ಪಿನ ರಾಣಿ’ಯನ್ನು ತೊಡೆಯ ಮೇಲಿಟ್ಟು ಕದ್ದು ತಿರುವಿಹಾಕುತ್ತಿದ್ದ. ಪಕ್ಕದ ಸ್ಟೂಲಿನಲ್ಲಿ ಡ್ವೇನ್ ಸೂಪು ಹೀರುತ್ತಿದ್ದುದನ್ನು ಅವನು ನೋಡಿದ್ದ. ಗಾರ್ಡಿ ಒಳಗೆ ಬಂದದ್ದನ್ನು ನೋಡಿರಲಿಲ್ಲ.

“ಏನಪ್ಪಾ ಯಜಮಾನ, ರಾಣಿ ಜೊತೆ ಊಟನಾ?” ಗಾರ್ಡಿ ಕೇಳದೆಯೇ ಎದುರು ಕೂತು ತಟ್ಟೆಗೆ ಕೈ ಹಾಕಿದ. “ಒಳ್ಳೆ ಕತೆ, ನಾನು ಎರಡು ಸಲ ಆಡಿಸಿದೀನಿ.”

“ಗಾರ್ಡಿ, ದಯವಿಟ್ಟು...” ನಾರ್ಬರ್ಟ್ ಕಣ್ಣಲ್ಲೇ ಡ್ವೇನ್ ಕಡೆ ಸನ್ನೆ ಮಾಡಿದ.

ಗಾರ್ಡಿಗೆ ಸನ್ನೆ ಚೆನ್ನಾಗಿಯೇ ಅರ್ಥವಾಯಿತು. ಅದಕ್ಕೇ ಇನ್ನಷ್ಟು ಗಟ್ಟಿಯಾಗಿ ಹೇಳಿದ. “ರಾಣಿ ಸತ್ತು ಹತ್ತು ವರ್ಷ ಆಗಿರುತ್ತೆ, ಸಿಂಹಾಸನದ ಮೇಲೆ ಕೂತಿರೋದು ಅವಳ ಅವಳಿ ತಂಗಿ. ಅದು ಗೊತ್ತಾದಾಗ ನಮ್ಮ ಹುಡುಗರ ಮುಖ ನೋಡಬೇಕಿತ್ತು!”

ಡ್ವೇನ್ ಚಮಚ ಕೆಳಗಿಟ್ಟ. “ಹಾಗಾದ್ರೆ ಇದನ್ನ ಆಡಿ ಏನು ಪ್ರಯೋಜನ?” ಎಂದ ಬೇಸರದಿಂದ. “ನಿಮ್ಮನೇಲಿ ಸೋಫಾ ಎಷ್ಟು ಜನಕ್ಕೆ ಗಾರ್ಡಿ?”

ಉಳಿದದ್ದು ‘ಮೂಳೆ ಬಂದರು’. ಮನೆಗೆ ಓಡಿಬಂದ ನಾರ್ಬರ್ಟ್ ಬಾಗಿಲು ಹಾಕಿ ಚಿಲಕ ಹಾಕಿದ. ಮಾರ್ಲಿಸ್‌ಗೂ ಡ್ವೇನ್‌ಗೂ ಈ ಕತೆ ಗೊತ್ತಿಲ್ಲವೆಂದು ಅವನಿಗೆ ಖಾತ್ರಿಯಿತ್ತು. ಅನುಮಾನವಿದ್ದದ್ದು ಲಾನಿಯ ಮೇಲೆ. ಯಾಕೆಂದರೆ ಲಾನಿ ಕೆಲಸದ ಬಿಡುವಿನಲ್ಲಿ ಗಾಲಿಯಂಥ ಚೀಸ್ ಗಡ್ಡೆಗಳ ಮೇಲೆ ಕೂತು ಸಿಕ್ಕಿದ್ದನ್ನೆಲ್ಲ ಓದುವವನು. ಬುದ್ಧಿಯಿದ್ದವನು ಏನು ಮಾಡುತ್ತಿದ್ದನೋ ಗೊತ್ತಿಲ್ಲ, ನಾರ್ಬರ್ಟ್ ಮಾತ್ರ ಫೋನೆತ್ತಿದ.

“ಲಾನಿ, ನಿಜ ಹೇಳು. ‘ಮೂಳೆ ಬಂದರು’ ಓದಿದೀಯಾ?”

“ಗ್ಯಾಪಕ ಇಲ್ಲ ಕಣೋ. ಯಾವುದದು?”

“ಅದೇ, ದೀಪಸ್ತಂಭದ ಕುರುಡ ಕಾವಲುಗಾರನೇ ಹಡಗು ಮುಳುಗಿಸ್ತಿರ್ತಾನಲ್ಲ, ಅದು.”

“ಇಲ್ಲ, ಓದಿರಲಿಲ್ಲ” ಎಂದ ಲಾನಿ. “ಇನ್ನು ಓದೋ ಹಾಗೂ ಇಲ್ಲ.”

ಬೇರೆಯವರು ಎರಡು ಕತೆ ಕೊಂದರು. ಮೂರನೆಯದನ್ನು ಈ ಮಹಾನುಭಾವ ಸ್ವಂತ ಬಾಯಿಂದ ಕೊಂದ. ಫೋನಿಟ್ಟು ಗೋಡೆಗೆ ತಲೆ ಚಚ್ಚಿಕೊಂಡ, ಅದೂ ಮೆತ್ತಗೆ, ಯಾಕೆಂದರೆ ಬಾಡಿಗೆ ಮನೆ. ರಟ್ಟಿನ ಹಿಂದಿನ ಕುರ್ಚಿಯಲ್ಲಿ ಗಾರ್ಡಿ ಗಡ್ಡ ನೀವುತ್ತ ಕೂತಂತೆ ಕಂಡಿತು. ಅಳು ಬಂತು ಎಂದರೂ ತಪ್ಪಿಲ್ಲ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಜಾರುತ್ತ ಬೀಳುತ್ತ ಮತ್ತೆ ಹಾರ್ಲನ್ ಎದುರು ನಿಂತ. “ಈ ಊರಲ್ಲಿ ಯಾರೂ ಓದಿರಬಾರದು. ನೀವೂ ಓದಿರಬಾರದು. ಮುಖ್ಯವಾಗಿ ನೀವು.”

ಹಾರ್ಲನ್‌ಗೆ ಮನಸ್ಸು ನೊಂದಿತು. ಆದರೂ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ದಪ್ಪ ಡಬ್ಬಿ ತೆಗೆದ. “‘ಮಂಜಿನ ಮಕುಟ’. ಇವತ್ತೇ ಬಂತು, ಪ್ಲಾಸ್ಟಿಕ್ ಸೀಲು ಕೂಡ ಒಡೆದಿಲ್ಲ. ನನಗೆ ಇದರ ತಲೆಬುಡ ಗೊತ್ತಿಲ್ಲ. ಗೊತ್ತಿದ್ದಿದ್ರೆ ಇಷ್ಟು ಹೊತ್ತು ಸುಮ್ಮನಿರ್ತಿದ್ನಾ?”

ಈ ಮಾತನ್ನು ನಂಬದೆ ಇರಲು ಸಾಧ್ಯವಿರಲಿಲ್ಲ. ಡಬ್ಬಿಯ ಮೇಲೆ ಹಿಮದ ಬೆಟ್ಟ, ಬೆಳ್ಳಿ ಅಕ್ಷರ, ಕತ್ತಿ ಹಿಡಿದ ಹೆಂಗಸು. ನಾರ್ಬರ್ಟ್ ಅದನ್ನು ಹಸುಗೂಸಿನಂತೆ ಕೋಟಿನೊಳಗೆ ಅವುಚಿಕೊಂಡು ಮನೆಗೆ ತಂದ.

ಆರಕ್ಕೆ ಮೂವರೂ ಬಂದರು. ಯಾರೂ ಕೋಟು ಬಿಚ್ಚಲಿಲ್ಲ. ಗಾರ್ಡಿ ತನ್ನ ಮನೆಯಲ್ಲಿ ಪಿಜ್ಜಾ ತರಿಸಿದ್ದಾನಂತೆ, ಅದನ್ನು ಲಾನಿ ಬಂದವನೇ ತಿಳಿಸಿದ.

“ಕೂತ್ಕೊಳ್ಳಿ” ಎಂದ ನಾರ್ಬರ್ಟ್, ಯಜಮಾನನ ದನಿಯಲ್ಲಿ. “ಇದನ್ನ ನೀವೂ ಓದಿಲ್ಲ, ಗಾರ್ಡಿನೂ ಓದಿಲ್ಲ, ನಾನೂ ಓದಿಲ್ಲ. ನೋಡಿ, ನಿಮ್ಮ ಕಣ್ಣೆದುರೇ ಸೀಲು ಒಡೀತೀನಿ.”

ಪ್ಲಾಸ್ಟಿಕ್ ಹರಿದು, ಮೊದಲ ಸಂಪುಟವನ್ನು ಮರೆಯ ಹಿಂದೆ ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದ: “ಹಳೆಯ ಸೇತುವೆಯ ಬಳಿ ಈರುಳ್ಳಿ ಮಾರುವ ಮುದುಕಿಯೊಬ್ಬಳು ಕೂತಿದ್ದಾಳೆ. ‘ನನ್ನ ಗಂಡನ ಹೆಣ ಹೊತ್ತು ನದಿ ದಾಟಿಸುವ ಪುಣ್ಯಾತ್ಮರು ಯಾರು?’ ಎಂದು ಕೇಳುತ್ತಾಳೆ...”

ಅಲ್ಲಿಗೆ ಅವನು ಓದು ನಿಲ್ಲಿಸಿದ. ಈ ಮುದುಕಿ, ಈ ಹೆಣ, ಈ ಸೇತುವೆ! ಅವಸರದಿಂದ ಹಾಳೆ ತಿರುವಿ ನೋಡಿದ. ಒಳಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗಿತ್ತು: ‘ಕಪ್ಪು ಜವುಗಿನ ಒಡೆಯ’ ಸರಣಿಯ ಮರುಮುದ್ರಣ, ಹೊಸ ಹೆಸರು ಮತ್ತು ಹೊಸ ಮುಖಪುಟದೊಂದಿಗೆ.

ಎರಡೂವರೆ ವರ್ಷ ಅವನು ಬಾಯಿ ನೋಯುವಂತೆ ಆಡಿಸಿದ್ದ, ಹೋದ ಶನಿವಾರವಷ್ಟೇ ಮುಗಿದಿದ್ದ ಅದೇ ಕತೆ. ಮುಗಿಯಿತು, ಈಗ ಮೂವರೂ ಬಿದ್ದು ಬಿದ್ದು ನಗುತ್ತಾರೆ, ಎದ್ದು ಪಿಜ್ಜಾ ಕಡೆ ನಡೆಯುತ್ತಾರೆ. ನಾರ್ಬರ್ಟ್ ಕಣ್ಣು ಮುಚ್ಚಿ ಕಾದ.

“ಹೆಣ ಹೊರಬೇಕಾ?” ಎಂದಳು ಮಾರ್ಲಿಸ್, ಕೋಟು ಬಿಚ್ಚುತ್ತ. “ಅಬ್ಬಾ, ಮೈ ಜುಮ್ಮಂತು ನೋಡು!”

“ಪಾಪ, ಮುದುಕಿ. ನಾನು ಹೊರ್ತೀನಿ” ಎಂದ ಡ್ವೇನ್.

“ಹೆಣ ತಾನೇ, ಏನು ಮಾಡುತ್ತೆ?” ಎಂದ ಲಾನಿ.

ಹೋದ ಸಲವೂ ಇದೇ ಮೂವರು ಇದೇ ಮಾತಾಡಿ ಹೊತ್ತಿದ್ದರು. ನಡುನದಿಯಲ್ಲಿ ಹೆಣ ಎದ್ದು ಡ್ವೇನ್‌ನ ಕುತ್ತಿಗೆ ಕಚ್ಚಿತ್ತು. ಈ ಸಲವೂ ಎದ್ದಿತು, ಕಚ್ಚಿತು. ಡ್ವೇನ್ ಕುರ್ಚಿಯಿಂದ ಹಾರಿಬಿದ್ದ. ಮಾರ್ಲಿಸ್ ಕಿಟಾರನೆ ಕಿರುಚಿದಳು. ಪಿಜ್ಜಾದ ನೆನಪು ಯಾರಿಗೂ ಬರಲಿಲ್ಲ.

ಆಟ ನಿಂತಾಗ ಮಾರ್ಲಿಸ್ ನಾರ್ಬರ್ಟನ ಬೆನ್ನಿಗೆ ಗುದ್ದಿದಳು. “ಇದಪ್ಪಾ ಕತೆ ಅಂದ್ರೆ! ಹೋದ ಸಲದ ಆ ದರಿದ್ರ ಜವುಗಿನ ಕತೆ ಇತ್ತಲ್ಲ, ನಿನಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ. ಆಕಳಿಸಿ ಆಕಳಿಸಿ ದವಡೆ ನೋವು ಬಂದಿತ್ತು.”

“ಅದರಲ್ಲಿ ಏನಾಯ್ತು ಅಂತಾನೇ ಗ್ಯಾಪಕ ಇಲ್ಲ ನನಗೆ” ಎಂದ ಲಾನಿ.

“ಇದು ಎಷ್ಟು ದಿನ ನಡೆಯುತ್ತೆ?” ಎಂದು ಕೇಳಿದ ಡ್ವೇನ್.

“ಎರಡೂವರೆ ವರ್ಷ” ಎಂದ ನಾರ್ಬರ್ಟ್.

ಮೂವರೂ ಚಪ್ಪಾಳೆ ತಟ್ಟಿದರು. ಬಾಗಿಲ ತನಕ ಹೋದ ಡ್ವೇನ್ ಏನೋ ಹೊಳೆದಂತೆ ಹಿಂದಿರುಗಿ ಬಂದು ನಾರ್ಬರ್ಟನ ತೋಳು ಹಿಡಿದ.

“ನೋಡು ಮಾರಾಯ, ನೀನು ಕುತೂಹಲಕ್ಕೆ ಮುಂದೆ ಓದ್ಕೊಂಡುಬಿಡ್ತೀಯ, ನನಗೆ ಗೊತ್ತು. ಆದ್ರೆ ಕೊನೇಲಿ ನಾವು ಕೊಲ್ಲೋದು ಯಾರನ್ನ ಅಂತ ಮಾತ್ರ ದಮ್ಮಯ್ಯ, ಬಾಯಿ ಬಿಡಬೇಡ.”